ಹಳದಿ ಬಿಲ್ಲೆ

ಹಳದಿ ಬಿಲ್ಲೆಯನ್ನು ಕಂಡುಹಿಡಿದವನು ನಾನೇ. ಹಾಗಾಗಿ ಈ ಕಥೆಯಲ್ಲಿ ಬೈಯಲು ಬೇರೆ ಯಾರೂ ಸಿಗುವುದಿಲ್ಲ. ಹುಡುಕಿ ನೋಡಿದ್ದೇನೆ.

ನನ್ನ ಹೆಸರು ವೆಂಡೆಲ್ ನೊವಾಟ್ನಿ. ಟೊಲೀಡೊ ಹೆರಾನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡಕ್ಕಾಗಿ ಇಪ್ಪತ್ತಾರು ವರ್ಷ ಕಾಲೇಜಿನಿಂದ ಕಾಲೇಜಿಗೆ ಅಲೆದು ಆಟಗಾರರನ್ನು ಹುಡುಕಿಕೊಟ್ಟವನು. ಅದರಲ್ಲೂ ರಿಸೀವರ್‌ಗಳನ್ನು, ಅಂದರೆ ಎದುರಾಳಿಗಳ ನಡುವೆ ನುಸುಳಿ ಓಡಿ ಎಸೆದ ಚೆಂಡನ್ನು ಹಿಡಿಯುವವರನ್ನು. ಹುಡುಕಿಕೊಟ್ಟದ್ದೆಲ್ಲ ರತ್ನ ಎಂದುಕೊಳ್ಳಬೇಡಿ. ಒಬ್ಬನ ಬಗ್ಗೆ 'ಇವನಿಗಿರುವುದು ಕೈಯಲ್ಲ, ಎರಡು ಇಟ್ಟಿಗೆ' ಎಂದು ವರದಿ ಬರೆದೆ. ಆ ಇಟ್ಟಿಗೆಗಳು ಬೇರೆ ತಂಡದಲ್ಲಿ ಹದಿಮೂರು ವರ್ಷ ಚೆಂಡು ಹಿಡಿದವು, ಹೆಚ್ಚಾಗಿ ನಮ್ಮ ವಿರುದ್ಧವೇ. ಇನ್ನೊಬ್ಬನನ್ನು 'ಇಂಥವನು ಹುಟ್ಟುವುದು ಶತಮಾನಕ್ಕೊಮ್ಮೆ' ಎಂದು ಹಾಡಿ ಹೊಗಳಿದೆ. ಅವನು ನವೆಂಬರ್ ಬರುತ್ತಿದ್ದಂತೆ ಚಳಿ ತಡೆಯಲಾರೆ ಎಂದು ಫ್ಲಾರಿಡಾಕ್ಕೆ ಹೋಗಿ ಮೀನಿನ ದೋಣಿ ಇಟ್ಟುಕೊಂಡ. ನನ್ನ ಭಾವಮೈದುನ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲೂ ಟರ್ಕಿ ಕೋಳಿಯ ಜೊತೆಗೆ ಈ ಎರಡು ಹೆಸರುಗಳನ್ನೂ ನನಗೆ ಬಡಿಸುತ್ತಾನೆ.

ಒಂದು ಕೆಲಸವನ್ನು ಮಾತ್ರ ಸರಿಯಾಗಿ ಮಾಡಿದೆ. ಹತ್ತೊಂಬತ್ತು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ನಮ್ಮ ಮೂವರು ರಿಸೀವರ್‌ಗಳು ಮಂಡಿ ಕೆಡಿಸಿಕೊಂಡು ಮಲಗಿದರು. ಮುಂದಿನ ಭಾನುವಾರದ ಪಂದ್ಯಕ್ಕೆ ಮೈದಾನಕ್ಕಿಳಿದವನು ಹಿಂದಿನ ಮಂಗಳವಾರದವರೆಗೆ ಅಂಗಡಿಯಲ್ಲಿ ಹಾಸಿಗೆ ಮಾರುತ್ತಿದ್ದವನು. ಚೆಂಡು ನೇರವಾಗಿ ಬಂದು ಅವನ ಹೆಲ್ಮೆಟ್ಟಿಗೆ ಬಡಿಯಿತು. ಅವನು ಚೆಂಡಿಗೇ 'ಸಾರಿ' ಅಂದನಂತೆ. ಆ ಅವಮಾನದಲ್ಲಿ ನಾನು ನಾಲ್ಕು ಪುಟದ ಯೋಜನೆ ಬರೆದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಬೇಡಿ. ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯ ಮೇಲೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವಲ್ಲ, ಆಗ ಪ್ರತಿ ವರ್ಷ, ಬೇಕಿರಲಿ ಬಿಡಲಿ, ಒಬ್ಬ ರಿಸೀವರ್‌ನನ್ನು ತನ್ನಿ. ಮೊದಲ ವರ್ಷ ಅವನು ಹಳಬನ ಪಕ್ಕ ಕೂತು ನೋಡಲಿ. ಎರಡನೇ ವರ್ಷ ಓಡಾಟದ ಚಾಕರಿ ಮಾಡಲಿ. ಮೂರನೇ ವರ್ಷ ಆಡಲಿ. ಯಾವ ಹಳಬನ ಕಾಲ ಮುಗಿಯುತ್ತ ಬಂದಿದೆಯೋ, ಗೋಡೆಯ ಹಲಗೆಯ ಮೇಲೆ ಅವನ ಹೆಸರಿನ ಪಕ್ಕ ಒಂದು ಹಳದಿ ಬಿಲ್ಲೆ ಅಂಟಿಸಿ. ಅವನಿಗೆ ಹೇಳಬೇಡಿ. ಹೇಳಿದರೆ ಹೊಸಬನಿಗೆ ಏನೂ ಕಲಿಸುವುದಿಲ್ಲ.

ಈ ಕೊನೆಯ ಸಾಲಿಗೆ ಎಲ್ಲರೂ ನನ್ನ ಬೆನ್ನು ತಟ್ಟಿದ್ದರು.

ಈ ಫೆಬ್ರವರಿಯಲ್ಲಿ ಪ್ರವಾಸದ ಕಾಗದಕ್ಕೆ ಸಹಿ ಹಾಕಿಸಲು ನಮ್ಮ ಮ್ಯಾನೇಜರ್ ಗ್ರಾಡಿಯ ಕೋಣೆಗೆ ಹೋದೆ. ಅವನಿರಲಿಲ್ಲ. ಬಾಗಿಲ ಹಿಂದೆ ಒಂದು ಪುಟ್ಟ ಹಲಗೆ. ಆಟಗಾರರದ್ದಲ್ಲ, ಅವರನ್ನು ಹುಡುಕುವ ನಮ್ಮದು. 'ನೊವಾಟ್ನಿ, ದಕ್ಷಿಣ ವಲಯ.' ಪಕ್ಕದಲ್ಲಿ ಹಳದಿ ಬಿಲ್ಲೆ. ಕೆಳಗೆ 'ರೆನಿಟಾ ಬ್ರೂಸಾರ್.'

ನನಗೆ ಮೊದಲು ಹೊಳೆದದ್ದು ಏನು ಗೊತ್ತೇ? ಛೆ, ಬಿಲ್ಲೆಯನ್ನು ಓರೆಯಾಗಿ ಅಂಟಿಸಿದ್ದಾರಲ್ಲ ಎಂದು. ಆಮೇಲೆ ಅಲ್ಲೇ ಕುರ್ಚಿಯಲ್ಲಿ ಕೂತೆ.

ರೆನಿಟಾ ಲೂಯಿಸಿಯಾನದವಳು, ಮೂವತ್ತೊಂದು ವಯಸ್ಸು. ಎರಡು ವರ್ಷದಿಂದ ನನ್ನ ಜೊತೆ ಕಾರಿನಲ್ಲಿ ತಿರುಗುತ್ತಿದ್ದಳು. ಮೊದಲ ವರ್ಷ ಪಕ್ಕದಲ್ಲಿ ಕೂತು ನೋಡಿದಳು. ಎರಡನೇ ವರ್ಷ ಕಾರು ಓಡಿಸಿದಳು, ವರದಿ ಟೈಪ್ ಮಾಡಿದಳು. ಏಪ್ರಿಲ್ ಕಳೆದರೆ ಮೂರನೇ ವರ್ಷ. ಅವಳನ್ನು ನನಗೆ ಕೊಟ್ಟ ದಿನ ಮನೆಗೆ ಹೋಗಿ ಹೆಂಡತಿ ಡೋರೀನಳ ಮುಂದೆ ಎದೆಯುಬ್ಬಿಸಿ, "ಕೊನೆಗೂ ನನ್ನ ಬೆಲೆ ಗೊತ್ತಾಯ್ತು ಕಣೇ, ನನಗೇ ಅಂತ ಅಸಿಸ್ಟೆಂಟ್ ಕೊಟ್ಟಿದ್ದಾರೆ" ಎಂದಿದ್ದೆ. ಅವಳು "ಹೂಂ" ಎಂದಿದ್ದಳು. ಡೋರೀನಳ ಒಂದು ಹೂಂ ನನ್ನ ಇಪ್ಪತ್ತಾರು ವರ್ಷದ ವರದಿಗಳಿಗಿಂತ ನಿಖರ.

ಗ್ರಾಡಿ ಒಳಗೆ ಬಂದ. ನನ್ನನ್ನು ನೋಡಿದ, ಹಲಗೆಯನ್ನು ನೋಡಿದ. ಅವನಿಗೆ ಕೆಲಸ ಕಲಿಸಿದವನೇ ನಾನು. ಗುರುವಿಗೇ ತಿರುಮಂತ್ರ.

"ಅಯ್ಯೋ ವೆಂಡೆಲ್, ಅದನ್ನ ನೀನು ನೋಡಬಾರದಿತ್ತು ಕಣಯ್ಯಾ."

"ಗೊತ್ತು. ಆ ರೂಲು ಬರೆದವನೇ ನಾನು."

ಅವನು ಕತ್ತು ಕೆರೆದುಕೊಂಡ. "ಡ್ರಾಫ್ಟ್ ಮುಗೀಲಿ. ಈ ಸಲ ರಿಸೀವರ್ ವಿಷಯದಲ್ಲಿ ನಿನ್ನ ಮಾತು ಗೆದ್ರೆ, ಮಾಲೀಕರ ಹತ್ರ ನಿನಗೆ ಇನ್ನೊಂದು ವರ್ಷ ಕೇಳ್ತೀನಿ. ಅವಳ ಮಾತು ಗೆದ್ರೆ ಮಾತ್ರ ನನ್ನ ಕೈಲಿ ಏನೂ ಆಗಲ್ಲ."

ಅರವತ್ತನಾಲ್ಕು ವರ್ಷದ ನನಗೆ ಈ ಕೆಲಸ ಬಿಟ್ಟರೆ ಬೇರೇನೂ ಬರುವುದಿಲ್ಲ. ಗಿಡ ನೆಟ್ಟರೆ ಒಣಗುತ್ತದೆ, ಗಾಳ ಹಾಕಿದರೆ ನನ್ನ ಟೋಪಿಗೇ ಸಿಕ್ಕಿಕೊಳ್ಳುತ್ತದೆ. ಆ ಒಂದು ವರ್ಷ ನನಗೆ ಬೇಕೇ ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದಕ್ಕಾಗಿ ಆ ಹೆಣ್ಣುಮಗಳನ್ನು ತುಳಿಯಲೂ ಸಿದ್ಧನಾದೆ.

ನಾನು ಆರಿಸಿದವನು ಹಾಲೊವೇ. ಆರಡಿ ನಾಲ್ಕಂಗುಲ, ಓಡಿದರೆ ಗಾಳಿ. ಅವಳು ಆರಿಸಿದವನು ಎಮೊರಿ ಟಿಬ್ಸ್, ಮಿಸಿಸಿಪ್ಪಿಯ ಒಂದು ಪುಟ್ಟ ಕಾಲೇಜಿನವನು, ಐದಡಿ ಎಂಟು. ಮಾರ್ಚ್‌ನಲ್ಲಿ ಅವನನ್ನು ನೋಡಲು ಇಬ್ಬರೂ ಹೋದೆವು.

ಅವಳಿಗೆ ನಾನು ಇನ್ನೂ ಹೇಳಿಕೊಡದ ಒಂದೇ ಒಂದು ವಿದ್ಯೆ ನನ್ನಲ್ಲಿತ್ತು. ಕೋಚ್ ತನ್ನ ಹುಡುಗನನ್ನು ಹೊಗಳಿಯೇ ಹೊಗಳುತ್ತಾನೆ. ಪುಟ್ಟ ಕಾಲೇಜಿನ ವಿಡಿಯೋ ಚೆಂಡಿನ ಹಿಂದೆಯೇ ಓಡುತ್ತದೆ. ಸತ್ಯ ಗೊತ್ತಿರುವುದು ತಂಡದ ಬಟ್ಟೆ ಒಗೆಯುವವರಿಗೆ. ಚೆಂಡು ತನ್ನ ಕಡೆ ಬಂದಾಗ ಎಲ್ಲ ರಿಸೀವರ್‌ಗಳೂ ಶೂರರೇ. ಬರದಿದ್ದಾಗ, ಚೆಂಡು ಹಿಡಿದ ಗೆಳೆಯನಿಗೆ ದಾರಿ ಮಾಡಿಕೊಡಲು ಒಳ್ಳೆಯವನು ಎದುರಾಳಿಗೆ ಅಡ್ಡ ನುಗ್ಗಿ ಮಣ್ಣು ತಿನ್ನುತ್ತಾನೆ. ಉಳಿದವರು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಾರೆ. ಅದು ಅಂಗಿಯ ಮೇಲೆ ಗೊತ್ತಾಗುತ್ತದೆ.

ರೆನಿಟಾಳನ್ನು ಕೋಚ್ ಹತ್ತಿರ ಕಳಿಸಿ ನಾನು ಕಳ್ಳನ ಹಾಗೆ ಲಾಂಡ್ರಿಗೆ ಹೋದೆ. ಅಲ್ಲಿ ಅರ್ನೆಸ್ಟೀನ್ ಎಂಬ ಹಿರಿಯ ಹೆಂಗಸು ಮೆಷಿನ್ನಿಗೆ ಬಟ್ಟೆ ತುಂಬುತ್ತಿದ್ದಳು.

"ಟಿಬ್ಸಾ? ಆ ಹುಡುಗನ ಅಂಗಿ ಕಂಡ್ರೆ ನಂಗೆ ಅಳು ಬರುತ್ತೆ ಸಾರ್. ಎದೆ ಮೇಲೆಲ್ಲಾ ಹುಲ್ಲಿನ ಕಲೆ. ಎರಡೆರಡು ಸಲ ನೆನೆಹಾಕ್ಬೇಕು."

"ಚೆಂಡು ತುಂಬಾ ಹಿಡಿದ ದಿನಾನಾ?"

"ಒಂದೂ ಹಿಡೀದೇ ಇರೋ ದಿನ ಇನ್ನೂ ಜಾಸ್ತಿ! ಒಂದಿನ ಬಂದು 'ನಿಮಗೆ ತೊಂದ್ರೆ ಆಯ್ತಲ್ಲಾ ಆಂಟಿ' ಅಂತ ಸೋಪಿನ ಪುಡಿ ಡಬ್ಬ ಕೊಟ್ಟು ಹೋದ, ಪೆದ್ದ."

ಈ ಉತ್ತರ ನನಗೆ ಬೇಕಿರಲಿಲ್ಲ. ಯಾಕೆಂದರೆ ಅಕ್ಟೋಬರ್‌ನಲ್ಲಿ ಹಾಲೊವೇಯ ಕಾಲೇಜಿನಲ್ಲೂ ಇದೇ ಪ್ರಶ್ನೆ ಕೇಳಿದ್ದೆ. "ಅವನ ಅಂಗಿ ಒಗೆಯೋದೇ ಬೇಡ ಸಾರ್, ಮಡಚಿಟ್ರೆ ಸಾಕು" ಎಂದು ಅಲ್ಲಿನವನು ನಕ್ಕಿದ್ದ. ನಾನೂ ನಕ್ಕು, ವರದಿಯಲ್ಲಿ ಆ ಮಾತನ್ನು ಬಿಟ್ಟುಬಿಟ್ಟಿದ್ದೆ. ಪ್ರೀತಿ ಕುರುಡು ಎನ್ನುತ್ತಾರೆ. ನನ್ನ ಪ್ರೀತಿ ಕಿವುಡು ಕೂಡ.

"ಎಲ್ಲಿಗೆ ಹೋಗಿದ್ರಿ ಸಾರ್?" ಎಂದಳು ರೆನಿಟಾ ಕಾರಿನ ಹತ್ತಿರ.

"ಟಾಯ್ಲೆಟ್ಟಿಗೆ."

"ನಲವತ್ತು ನಿಮಿಷಾನಾ?"

"ವಯಸ್ಸಾಯ್ತಲ್ಲಮ್ಮ."

ಅವಳು ಕಾರು ಹೊರಡಿಸಿದಳು. ಮುಂದಿನ ನಾಲ್ಕು ಗಂಟೆ ದಾರಿಯಲ್ಲಿ ಸಿಕ್ಕ ಪ್ರತಿ ಪೆಟ್ರೋಲ್ ಬಂಕಿನಲ್ಲೂ ಕಾರು ನಿಲ್ಲಿಸಿ, "ಸಾರ್, ಇಲ್ಲೊಂದ್ಸಲ ಹೋಗಿ ಬರ್ತೀರಾ?" ಎಂದು ಮೆಲ್ಲಗೆ ಕೇಳಿದಳು. ನಾನು ಹೋಗಿ ಹೋಗಿ ಬಂದೆ. ಸುಳ್ಳು ಹೇಳಿದವನು ಅಷ್ಟಾದರೂ ಮಾಡಬೇಡವೇ.

ಡ್ರಾಫ್ಟಿನ ಶನಿವಾರ ಮಧ್ಯಾಹ್ನ, ನಾಲ್ಕನೇ ಸುತ್ತು. ನಮ್ಮ ಸರದಿ ಬಂತು. ಐದು ನಿಮಿಷದಲ್ಲಿ ಒಂದು ಹೆಸರು ಕಳಿಸಬೇಕು. ಕೋಣೆಯಲ್ಲಿ ಹತ್ತು ಜನ, ಮೇಜಿನ ತುಂಬ ಚಿಲ್ಲಿ ಡಾಗ್, ಅಂದರೆ ಮಾಂಸದ ಕೆಂಪು ಗೊಜ್ಜು ಸುರಿದ ಸಾಸೇಜ್ ಬನ್. ಹಾಲೊವೇಯೂ ಉಳಿದಿದ್ದ, ಟಿಬ್ಸ್ ಕೂಡ.

ರೆನಿಟಾ ಎದ್ದು ಟಿಬ್ಸ್ ಪರವಾಗಿ ಮಾತಾಡಿದಳು. ಕೋಚೊಬ್ಬ, "ಆ ಕುಳ್ಳನಾ? ಅವನು ಕೈ ಎತ್ತಿದ್ರೆ ಹಾಲೊವೇ ಗಡ್ಡ ಸಿಗುತ್ತೆ ಅಷ್ಟೆ" ಎಂದ. ಎಲ್ಲರೂ ನಕ್ಕರು.

"ಚೆಂಡು ಬರದೇ ಇದ್ರೂ ಅವನು ಬೇರೆಯವರಿಗೋಸ್ಕರ ಜೀವ ತೇಯ್ತಾನೆ" ಎಂದಳು ಅವಳು. "ವಿಡಿಯೋದಲ್ಲಿ ಕಾಣಲ್ಲ. ಆದ್ರೆ ನಂಗೆ ಗೊತ್ತು."

"ಗೊತ್ತು ಅಂದ್ರೆ ಸಾಲಲ್ಲಮ್ಮ" ಎಂದ ಗ್ರಾಡಿ. ಗಡಿಯಾರದಲ್ಲಿ ಎರಡು ನಿಮಿಷ ಉಳಿದಿತ್ತು. "ವೆಂಡೆಲ್? ಹಾಲೊವೇ ತಾನೆ?"

ಹೌದು ಅಂದರೆ ಸಾಕಿತ್ತು. ಅನ್ನದಿದ್ದರೂ ಸಾಕಿತ್ತು, ಸುಮ್ಮನೆ ನಿಂತಿದ್ದರೆ ವರ್ಷ ನನ್ನದಾಗುತ್ತಿತ್ತು. ರೆನಿಟಾ ಒಬ್ಬಳೇ ತುಟಿ ಕಚ್ಚಿಕೊಂಡು ನಿಂತಿದ್ದಳು. ಆಗ ನನಗೆ ನನ್ನ ಕೈ ಕಾಣಿಸಿತು. ಒಂದು ಕೈಯಲ್ಲಿ ಚಿಲ್ಲಿ ಡಾಗ್. ಇನ್ನೊಂದು ಕೈ ಸೊಂಟದ ಮೇಲೆ.

"ಥೂ ನನ್ನ ಜನ್ಮಕ್ಕಿಷ್ಟು!" ಎಂದು ಮುಂದೆ ನುಗ್ಗಿದೆ. ನುಗ್ಗಿದ ರಭಸಕ್ಕೆ ಕುರ್ಚಿ ಎಡವಿ ಮೇಜಿನ ಮೇಲೆ ಬೋರಲು ಬಿದ್ದೆ. ಚಿಲ್ಲಿ ಗೊಜ್ಜು ಪೂರ್ತಿ ನನ್ನ ಬಿಳಿ ಅಂಗಿಯ ಎದೆಗೆ. ಬಿದ್ದಲ್ಲಿಂದಲೇ ಕೂಗಿದೆ, "ಟಿಬ್ಸ್! ಟಿಬ್ಸ್ ಹೆಸರು ಕಳಿಸು! ಏ ರೆನಿಟಾ, ಲಾಂಡ್ರಿ ವಿಷಯ ಹೇಳಮ್ಮ!"

ಅವಳು ಬಾಯಿ ತೆರೆದು ನಿಂತಳು.

"ಇವಳಿಗೆ ಸಂಕೋಚ, ನಾನೇ ಹೇಳ್ತೀನಿ. ಬಟ್ಟೆ ಒಗೆಯೋರನ್ನೇ ಹಿಡಿದು ವಿಚಾರಿಸಿದ್ದಾಳೆ. ಟಿಬ್ಸ್ ಅಂಗಿನ ಎರಡೆರಡು ಸಲ ನೆನೆಹಾಕ್ಬೇಕಂತೆ, ಚೆಂಡು ಬರದಿದ್ದ ದಿನಾನೂ. ಹಾಲೊವೇದು ಒಗೆಯೋದೇ ಬೇಡ್ವಂತೆ. ಅದು ನಂಗೆ ಅಕ್ಟೋಬರಲ್ಲೇ ಗೊತ್ತಿತ್ತು, ನಾನು ಬರೀಲಿಲ್ಲ."

ಗ್ರಾಡಿ ನನ್ನ ಹತ್ತಿರ ಬಗ್ಗಿ ಮೆಲ್ಲಗೆ, "ಏನು ಹೇಳ್ತಿದ್ದೀಯ ಅಂತ ಗೊತ್ತೇನಯ್ಯಾ ನಿಂಗೆ?" ಎಂದ.

"ಗೊತ್ತು. ಟೈಮ್ ಆಗ್ತಿದೆ, ಕಳಿಸು."

ಟಿಬ್ಸ್ ಹೆಸರು ಹೋಯಿತು.

ರೆನಿಟಾ ನನ್ನನ್ನು ಹೊರಗೆ ಹಜಾರದಲ್ಲಿ ಹಿಡಿದಳು. "ಅವತ್ತು ನೀವು ಟಾಯ್ಲೆಟ್ಟಿಗೆ ಹೋಗಿರ್ಲಿಲ್ಲ."

"ಇಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು ಕಣಮ್ಮ."

ಅವಳ ಕಣ್ಣು ತುಂಬಿತ್ತು, ಸಿಟ್ಟಿಗೋ ದುಃಖಕ್ಕೋ. "ಪ್ರತೀ ಬಂಕಲ್ಲೂ ನಿಲ್ಸಿದ್ನಲ್ಲ ಸಾರ್ ನಾನು! ನಿಮಗೆ ಏನೋ ಕಾಯಿಲೆ ಅಂತ ಅವತ್ತು ರಾತ್ರಿ ನಿದ್ದೇನೇ ಮಾಡ್ಲಿಲ್ಲ!"

ಇಷ್ಟು ವರ್ಷದಲ್ಲಿ ಯಾರ ಬೈಗುಳಕ್ಕೂ ಕುಗ್ಗದವನು ಆ ಮಾತಿಗೆ ನೆಲ ನೋಡಿದೆ.

ಸೋಮವಾರ ಗ್ರಾಡಿ ಕರೆಸಿದ. ಬಾಗಿಲು ಹಾಕಿಕೊಂಡು ಅತ್ತವನು ಅವನು, ಸಮಾಧಾನ ಹೇಳಿದವನು ನಾನು. ಮನೆಗೆ ಬಂದು ಗ್ಯಾರೇಜಿನಲ್ಲಿ ಕಾರಿನೊಳಗೇ ಕೂತು ನಾನೂ ಅತ್ತೆ. ಡೋರೀನ್ ಶನಿವಾರದ ಅಂಗಿಯನ್ನು ಹಿಡಿದುಕೊಂಡು ಬಂದು, "ಇದನ್ನ ಎರಡು ಸಲ ನೆನೆಹಾಕಿದ್ದಾಯ್ತು, ಕಲೆ ಹೋಗ್ತಿಲ್ಲ, ಬಿಸಾಕ್ಲಾ?" ಎಂದಳು. ಬೇಡ ಎಂದೆ.

ಸೆಪ್ಟೆಂಬರಿನ ಮೊದಲ ಪಂದ್ಯಕ್ಕೆ ಅದೇ ಅಂಗಿ ಹಾಕಿಕೊಂಡು ಹೋದೆ, ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ಟಿಕೆಟ್ ತೆಗೆದುಕೊಂಡು. ಡೋರೀನ್ ಮೂರನೇ ಕ್ವಾರ್ಟರ್ ತನಕ ತಾಳಿಕೊಂಡಳು.

"ನಿಮ್ಮ ಹುಡುಗ ಎಲ್ರೀ?"

"ಅಗೋ, ಬೆಂಚಲ್ಲಿ, ಹಳಬನ ಪಕ್ಕ."

"ಆಡ್ಸಲ್ವಾ?"

"ಮೊದಲ್ನೇ ವರ್ಷ ಕೂತು ನೋಡ್ಬೇಕು ಅಷ್ಟೆ."

"ಮತ್ತೆ ನೀವು ಮಾಡಿದ್ದು ಸರಿನಾ ತಪ್ಪಾ ಅಂತ ಗೊತ್ತಾಗೋದು ಯಾವಾಗ?"

"ಮೂರನೇ ವರ್ಷ."

"ಯಾವ ಮುಟ್ಠಾಳ ಮಾಡಿದ ರೂಲ್ರೀ ಇದು?"

"ನಿನ್ನ ಗಂಡ ಕಣೇ."

"ಹೂಂ" ಎಂದಳು ಡೋರೀನ್. ಪಾಪ್‌ಕಾರ್ನ್ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು.