ಸೊಣ್ಣಪ್ಪ ತೊಳೆದ ಚಂದ್ರಿಕೆ

ಗಂಗಲಕ್ಷ್ಮಮ್ಮ ಬೈಯಲು ನಿಂತರೆ ಮೂರು ಮನೆಯಾಚೆಯ ನಾಯಿ ಎದ್ದು ಹೋಗುತ್ತದೆ ಅಂತ ಕುಂದಾಣದ ಕಡೆ ಹೇಳುತ್ತಾರೆ. ಸ್ವಲ್ಪ ಉತ್ಪ್ರೇಕ್ಷೆ. ನಾಯಿ ಎರಡನೇ ಮನೆಯದು.

ಆವತ್ತು ಬೆಳಿಗ್ಗೆ ಅವಳ ರೇಷ್ಮೆ ಹುಳ ಹಣ್ಣಾದವು. ಇಪ್ಪತ್ತಾರು ದಿನ ಹಗಲೂ ರಾತ್ರಿ ಸೊಪ್ಪು ಹಾಕಿ ಸಾಕಿದ ಹುಳ ಮೈ ಹಳದಿ ಮಾಡಿಕೊಂಡು, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕತೊಡಗಿದವು. ಆ ಹೊತ್ತಿನಲ್ಲಿ ಹುಳ ಯಾರ ಮಾತೂ ಕೇಳುವುದಿಲ್ಲ. ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಸುರುಳಿಯ ಮೇಲೆ ಬಿಟ್ಟರೆ ಬೆಳೆ ಕೈಗೆ ಬಂತು. ಇಲ್ಲದಿದ್ದರೆ ಕಸಕ್ಕೆ, ಗೋಡೆಗೆ, ಸಿಕ್ಕಲ್ಲಿ ನೂಲು ಸುತ್ತಿ ಎಲ್ಲ ತಿಪ್ಪೆಪಾಲು. ಮನೆಯಲ್ಲಿದ್ದದ್ದು ಹದಿನೈದು ಚಂದ್ರಿಕೆ. ಬೇಕಾದ ಇನ್ನಿಪ್ಪತ್ತೈದನ್ನು ಸೊಣ್ಣಪ್ಪ ಕೊಡಲು ಒಪ್ಪಿದ್ದ. ಒಬ್ಬರ ಹುಳ ಹಣ್ಣಾದರೆ ಇನ್ನೊಬ್ಬರ ಚಂದ್ರಿಕೆ ಹೋಗುವುದು ಊರಿನ ವಾಡಿಕೆ.

ಹತ್ತು ಗಂಟೆಗೆ ಮಂಜೇಶನ ಗೂಡ್ಸ್ ಆಟೋದಲ್ಲಿ ಬಂದು ಸೊಣ್ಣಪ್ಪನ ಮನೆ ಮುಂದೆ ಇಳಿದವಳಿಗೆ ಮೊದಲು ಬಡಿದದ್ದು ಬ್ಲೀಚಿಂಗ್ ಪೌಡರ್ ವಾಸನೆ. ಅಂಗಳದ ಗೋಡೆಗೆ ಒರಗಿ ಚಂದ್ರಿಕೆಗಳು ತೊಟತೊಟ ನೀರು ಸುರಿಸುತ್ತಿದ್ದವು. ಮುಂದೆ ಲುಂಗಿ ಎತ್ತಿಕಟ್ಟಿದ ಸೊಣ್ಣಪ್ಪ, ಮುಖದ ತುಂಬ ನಗು.

"ಬಾ ಗಂಗಮ್ಮ. ಮದ್ವೆ ಹೆಣ್ಣಂಗೆ ಮಾಡಿಕ್ಕಿದೀನಿ ನೋಡು."

"ಯಾವಾಗ ತೊಳೆದ್ರಿ?"

"ಈಗ್ಲೇ! ನಿನ್ ಮಗಳು ದಿವ್ಯ ಫೋನ್ ಮಾಡಿದ್ಲಲ್ಲ, ಆವಾಗ್ಲೇ ಹಚ್ಕೊಂಡೆ."

ಮಂಜೇಶ ಎಂಜಿನ್ ಆಫ್ ಮಾಡಿದ. ಮುಂದೆ ಬರುವ ಮಾತಿನಲ್ಲಿ ಒಂದಕ್ಷರವೂ ತಪ್ಪಿಹೋಗಬಾರದು ಎಂಬ ಆಸೆ.

ಯಾಕೆ ತೊಳೆದನೆಂದು ಗಂಗಲಕ್ಷ್ಮಮ್ಮನಿಗೆ ಗೊತ್ತು. ಹೋದ ವರ್ಷ ಹುಳಕ್ಕೆ ಹಾಲುತೊಂಡೆ ರೋಗ ಬಂದಾಗ, ಸೊಣ್ಣಪ್ಪನ ಕೊಳಕು ಚಂದ್ರಿಕೆಯಿಂದಲೇ ಬಂತೆಂದು ಹಾಲಿನ ಡೈರಿ ಮುಂದೆ ಹತ್ತು ಜನರೆದುರು ಅವನ ಮರ್ಯಾದೆ ಕಳೆದಿದ್ದಳು. ತಾನು ಹಾಕಿದ ಒದ್ದೆ ಸೊಪ್ಪಿನಿಂದ ಬಂದದ್ದೆಂದು ಆಮೇಲೆ ತಿಳಿಯಿತು. ಬೈದದ್ದು ಡೈರಿ ಮುಂದೆ, ತಿಳಿದದ್ದು ಅಡುಗೆಮನೆಯಲ್ಲಿ. ತಪ್ಪೊಪ್ಪಿಗೆ ಹೊಸ್ತಿಲು ದಾಟಿರಲಿಲ್ಲ.

ಫೋನ್ ಬಡಿದುಕೊಂಡಿತು. ದಿವ್ಯ. "ಅಮ್ಮಾ, ಇರೋವೆಲ್ಲ ತುಂಬ್ತಾ ಬಂದ್ವು. ಹುಳ ಗೋಡೆ ಹತ್ತುತಾವೆ. ಎಲ್ ಸತ್ತೋದೆ?"

"ಬಂದೆ ಕಣೇ."

ಗಂಟಲಲ್ಲಿ ಒಂದು ಉದ್ದನೆಯ ವಾಕ್ಯ ತಯಾರಾಗಿ ನಿಂತಿತ್ತು. ಅದರಲ್ಲಿ ಸೊಣ್ಣಪ್ಪನ ತಾತನಿಗೂ ಜಾಗವಿತ್ತು. ಅವಳ ಮುಖ ನೋಡುತ್ತಲೇ ಅವನ ನಗು ಇಳಿಯಿತು. ಒಂದು ಹೆಜ್ಜೆ ಬಾಗಿಲ ಕಡೆಗೆ ಸರಿದ. ಒಳಹೋಗಿ ಅಗುಳಿ ಹಾಕಿಕೊಂಡರೆ ಆಮೇಲೆ ಒದ್ದೆ ಚಂದ್ರಿಕೆಯೂ ಇಲ್ಲ. ಅವನ ಬೆರಳುಗಳು ಬಿಳಿಚಿಕೊಂಡು, ಚರ್ಮ ಸುಲಿದಿದ್ದವು. ಅವಳು ಸೆರಗಿನ ತುದಿ ಕಚ್ಚಿ ಹಿಡಿದಳು.

"ಕೈ ಉರೀತಿಲ್ವಾ ಅಣ್ಣ?"

ಕೇಳಿದ್ದು ಯಾರೆಂದು ನೋಡಲು ಮಂಜೇಶ ಆಟೋದಿಂದ ಕತ್ತು ಹೊರಹಾಕಿದ.

"ಉರೀತದೆ," ಅಂದ ಸೊಣ್ಣಪ್ಪ, ಅನುಮಾನದಿಂದ.

"ಕೊಬ್ರಿ ಎಣ್ಣೆ ಹಚ್ಕೊಳಿ. ಆದ್ರೆ ಇವು ಒದ್ದೆ. ಹುಳ ಬಿಟ್ರೆ ಗೂಡೆಲ್ಲ ಕಲೆ ಆಯ್ತದೆ. ಈಗ ಏನ್ಮಾಡಾಣ, ಹೇಳಿ."

ಮೂವತ್ತು ವರ್ಷ ಹುಳ ಸಾಕಿದವನು ಆ ನೀರನ್ನು ಈಗಷ್ಟೇ ಕಂಡವನಂತೆ ನೋಡಿದ. "ಅಯ್ಯೋ ಶಿವನೇ! ನಿನ್ ಬಾಯಿಗೆ ಹೆದ್ರಿ, ಒಣಗ್ಬೇಕು ಅನ್ನೋದೇ ಮರ್ತೋಯ್ತಲ್ಲಮ್ಮ."

ಫೋನ್ ಮತ್ತೆ ಬಡಿದುಕೊಂಡು ನಿಂತಿತು. ಸೊಣ್ಣಪ್ಪ ಕತ್ತು ಕೆರೆದುಕೊಂಡ.

"ಬೈಯಲ್ಲ ಅಂದ್ರೆ ಒಂದ್ ಮಾತು."

"ಬೈಯಲ್ಲ. ಬೇಗ ಹೇಳಿ."

"ಎಂಟು ತೊಳ್ದೇ ಇಲ್ಲ. ಪೌಡರ್ ಮುಗ್ದೋಯ್ತು. ನೀನು ಕೂಗಾಡ್ತೀಯ ಅಂತ ಕೊಟ್ಟಿಗೆ ಅಟ್ಟದ ಮೇಲೆ ಬಚ್ಚಿಟ್ಟೆ. ಬರೀ ಬಿಸಿಲಿಗೆ ಹಾಕಿರೋವು. ನಮ್ಮನೆಯವ್ಳಿಗೂ ಹೇಳಿಲ್ಲ."

ಗಂಗಲಕ್ಷ್ಮಮ್ಮ ಕಣ್ಣು ಮುಚ್ಚಿ ತೆರೆದಳು. ಒಂದೇ ದಿನ ಎರಡು ಸಲ ಬೈಗುಳ ನುಂಗಿ ಅವಳಿಗೆ ಅಭ್ಯಾಸವಿರಲಿಲ್ಲ.

"ಒಣಗಿದಾವಾ?"

"ಗರಿಗರಿಯಾಗವೆ."

"ಇಳ್ಸಿ ಮತ್ತೆ!"

ಎಂಟು ಚಂದ್ರಿಕೆ ಆಟೋ ಹತ್ತಿದವು. ಹುಳವೆಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಮಧ್ಯಾಹ್ನದವರೆಗೆ ಎಂಟು ಹೇಗೋ ತಡೆದವು. ಉಳಿದ ಹದಿನೇಳನ್ನು ಸೊಣ್ಣಪ್ಪ ತಾರಸಿಯ ಮೇಲೆ ಹರಡಿ, ರೊಟ್ಟಿ ಮಗುಚಿದಂತೆ ಮಗುಚಿ ಮಗುಚಿ ಒಣಗಿಸಿ, ಎರಡು ಗಂಟೆಗೆ ತಾನೇ ಅವುಗಳ ಜೊತೆಗೆ ಬಂದ. ಹುಳಕ್ಕೆ ಪೌಡರ್ ತಾಗಬಾರದೆಂದು ಗಂಗಲಕ್ಷ್ಮಮ್ಮ ಅವನಿಂದ ಮೂರು ಸಲ ಸೋಪು ಹಾಕಿ ಕೈ ತೊಳೆಸಿದಳು. ಅಷ್ಟು ಜೋರು ಮಾಡದಿದ್ದರೆ ಅಮ್ಮನಿಗೆ ಏನೋ ಆಗಿದೆಯೆಂದು ದಿವ್ಯ ಡಾಕ್ಟರನ್ನು ಕರೆಸುತ್ತಿದ್ದಳೇನೋ.

ಕೈಯಾಸರೆಗೆಂದು ಬಂದಿದ್ದ ಕದಿರಮ್ಮ, ಅಮ್ಮಯಮ್ಮ ಗೋಡೆ ಹತ್ತಿದ ಹುಳಗಳನ್ನು ಬಿಡಿಸುತ್ತಿದ್ದರು. ಗಂಗಲಕ್ಷ್ಮಮ್ಮ ಆರಿಸುವುದನ್ನು ನಿಲ್ಲಿಸಿದಳು.

"ಹೋದ್ಸಲ ರೋಗ ಬಂದಿದ್ದು ಸೊಣ್ಣಪ್ಪಣ್ಣನ ಚಂದ್ರಿಕೆಯಿಂದ ಅಲ್ಲ. ನಾನು ಒದ್ದೆ ಸೊಪ್ಪು ಹಾಕಿದ್ದೆ."

ಕದಿರಮ್ಮನ ಕೈ ಗಾಳಿಯಲ್ಲೇ ನಿಂತಿತು. ಸೊಣ್ಣಪ್ಪ ಮಾತ್ರ ತಲೆ ಎತ್ತಲಿಲ್ಲ.

"ಕೈ ನಿಲ್ಲಿಸ್ಬೇಡ ಗಂಗಮ್ಮ," ಅಂದ. "ಹುಳ ಕಾಯಲ್ಲ."