ಗೇಟಿನಾಚೆ ನಿಂತ ಕೆಂಪು ಕಾರು

ಶಿಲ್ಪಶ್ರೀ ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಖನ್ನು ಅಂಗಡಿಯಲ್ಲೊಮ್ಮೆ, ಮನೆಗೆ ಬಂದು ಇನ್ನೊಮ್ಮೆ ಓದುವ ಹೆಂಗಸು. ಅಂಥವಳು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟಳೆಂದರೆ ಮಾರುವವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಬಿಟಿಎಂ ಲೇಔಟಿನ ಕಾರೊಂದನ್ನು ಸೀಟಿನಡಿಯಲ್ಲಿ ಒಣಗಿದ ಕೆಸರು ಕಂಡಿತೆಂದು ಬಿಟ್ಟು ಬಂದಿದ್ದಳು. ಜಯನಗರದ ಇನ್ನೊಂದನ್ನು ಬಿಟ್ಟದ್ದು, ಅದರ ಮಾಲೀಕ ಕಾರಣವಿಲ್ಲದೆ ನಗುತ್ತಾನೆಂಬ ಕಾರಣಕ್ಕೆ.

ಹೊಸಕೆರೆಹಳ್ಳಿಯ ಬೈರಣ್ಣನವರ ಕಾಂಪೌಂಡಿನಲ್ಲಿ ನಿಂತಿದ್ದ ಕೆಂಪು ಕಾರಿನಲ್ಲಿ ಮಾತ್ರ ಎಷ್ಟು ಹುಡುಕಿದರೂ ಕುಂದು ಸಿಗಲಿಲ್ಲ. ಅದೇ ಅವಳಿಗೆ ಭಯವಾಗಿತ್ತು. ಕಾಲು ಮಡಚಿ ಹಾರಲು ಕೂತ ಮಿಡತೆಯಂತಿದ್ದ ಪುಟ್ಟ ಟರ್ಬೊ ಗಾಡಿ. ಬೈರಣ್ಣನವರ ಮಗಳು ಶೃತಿ ಓಡಿಸುತ್ತಿದ್ದಳಂತೆ. ಅವಳಿಗೆ ಅವಳಿ ಮಕ್ಕಳಾದ ಮೇಲೆ ಇದು ಸಾಲದಾಗಿತ್ತು. ಇತ್ತ ಶಿಲ್ಪಶ್ರೀ ಮದುವೆಯಾದಂದಿನಿಂದ ಗಂಡ ಮಹಾಂತೇಶನ ಬಿಳಿ ಕಾರಿನ ಎಡಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಾ ಬಂದವಳು. ತನ್ನದೇ ಒಂದು ಕಾರು, ಅದೂ ಚುರುಕಾದದ್ದು, ತನ್ನದೇ ಸಂಬಳದ ಉಳಿತಾಯದಲ್ಲಿ ಬೇಕು ಎಂಬ ಆಸೆಯನ್ನು ಅವಳು ಗಂಡನಿಗೂ ಮೊನ್ನೆ ಮೊನ್ನೆ ಹೇಳಿದ್ದು. ಉಳಿತಾಯ ಆರು ಲಕ್ಷಕ್ಕೆ ನಿಂತಿತ್ತು. ಬೈರಣ್ಣ ಕೇಳಿದ್ದು ಆರೂವರೆ.

"ಒಂದು ಮಾತೂ ಹೊಗಳಬೇಡಿ," ಎಂದು ಅವಳು ದಾರಿಯುದ್ದಕ್ಕೂ ಮಹಾಂತೇಶನಿಗೆ ಹೇಳಿಕೊಟ್ಟಿದ್ದಳು. ಟೆಸ್ಟ್ ಡ್ರೈವಿಗೆಂದು ಹೊರಟು ರಿಂಗ್ ರೋಡು ಮುಟ್ಟುವಷ್ಟರಲ್ಲಿ ಅವನು ಹಿಂದಿನ ಸೀಟಿನಿಂದ, "ಆಹಾ, ಸಖತ್ತಾಗಿದೆ ಗಾಡಿ! ಬೆಣ್ಣೆ ಬೆಣ್ಣೆ!" ಎಂದುಬಿಟ್ಟ.

ಸ್ಟೀರಿಂಗು ಹಿಡಿದಿದ್ದ ಶಿಲ್ಪಶ್ರೀಯ ಪಕ್ಕದಲ್ಲಿ ಕೂತಿದ್ದ ಬೈರಣ್ಣ ಮೀಸೆಯಡಿಯಲ್ಲೇ ನಕ್ಕರು. "ಸಾರ್‌ಗೆ ಗೊತ್ತು ನೋಡಿ. ಆರೂವರೆ ಕಮ್ಮಿನೇ ಆಯ್ತು ಮೇಡಂ."

ಕತ್ರಿಗುಪ್ಪೆಯಲ್ಲಿ ಟ್ರಾಫಿಕ್ಕು ಹಿಡಿದುಕೊಂಡಿತು. ಬಿಸಿಲು ಇಳಿಯಿತು, ಬೀದಿ ದೀಪ ಹತ್ತಿತು. ಬೈರಣ್ಣನವರ ಫೋನು ಬಡಿದುಕೊಂಡಿತು. ಅವರು ಅದನ್ನು ಸ್ಪೀಕರಿಗೆ ಹಾಕಿ ಮಾತಾಡುವವರು.

"ಏನ್ರೀ, ಶುಕ್ರವಾರ ಅನ್ನೋದು ಜ್ಞಾಪಕ ಇದ್ಯಾ?" ಅವರ ಹೆಂಡತಿ ಅಂಜನಮ್ಮನ ಗಂಟಲು ಕಾರಿನ ತುಂಬ ಮೊಳಗಿತು. "ದೀಪ ಹಚ್ಚಾಯ್ತು. ಲಕ್ಷ್ಮಿ ಇನ್ನೂ ಬೀದೀಲಿ! ಬನ್ನಿ ಬೇಗ, ಆರತಿ ತಟ್ಟೆ ಇಟ್ಕೊಂಡು ಕಾಯ್ತಿದ್ದೀನಿ."

ಬೈರಣ್ಣನವರ ಮುಖ ಸಣ್ಣಗಾಯಿತು. ಶಿಲ್ಪಶ್ರೀ ಅದನ್ನು ಕಂಡಳು. ಯಾರ ಮುಖದಲ್ಲಿ ಏನು ಬದಲಾದರೂ ಅವಳಿಗೆ ಕಾಣದೆ ಹೋಗುತ್ತಿರಲಿಲ್ಲ.

"ಏನಾಯ್ತು ಅಂಕಲ್?"

"ಅಯ್ಯೋ, ನಮ್ಮನೆಯವಳ್ದು ಒಂದು ನೇಮ ಮೇಡಂ. ಶುಕ್ರವಾರ ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟಿ ಒಳಗೆ ಬಂದಿದ್ದು ಲಕ್ಷ್ಮಿ. ಅದನ್ನ ಮತ್ತೆ ಕೊಡೋ ಹಂಗಿಲ್ಲ, ಮಾರೋ ಹಂಗಿಲ್ಲ. ಹಿಂದೆ ನಮ್ದೊಂದು ಎಮ್ಮೆ ಇತ್ತು. ಮಾರಿದ ದಿನವೇ ಹಗ್ಗ ಕಿತ್ಕೊಂಡು ವಾಪಸ್ ಬಂತು. ಅವತ್ತೂ ಶುಕ್ರವಾರ, ದೀಪ ಹಚ್ಚಿತ್ತು. ತಗೊಂಡೋನಿಗೆ ದುಡ್ಡು ವಾಪಸ್ ಕೊಟ್ಟು ಕಳಿಸಿದ್ಲು. ಆಮೇಲೆ ಹತ್ತು ವರ್ಷ ಸಾಕಿದ್ವಿ. ಒಂದು ತೊಟ್ಟು ಹಾಲು ಕೊಟ್ಟಿದ್ರೆ ಕೇಳಿ!"

ಮಹಾಂತೇಶ ಹೊಟ್ಟೆ ಹಿಡಿದು ನಕ್ಕ. ಶಿಲ್ಪಶ್ರೀ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಂದರೆ ಈ ಕಾರು ಗೇಟಿನೊಳಗೆ ಹೋಯಿತೋ, ಇನ್ನು ತನಗಿಲ್ಲ.

"ಇನ್ನೊಂದು ಹೇಳ್ತೀನಿ, ಅವಳಿಗೆ ಹೇಳ್ಬೇಡಿ," ಬೈರಣ್ಣ ದನಿ ತಗ್ಗಿಸಿದರು. "ಭಾನುವಾರ ಶೃತಿ ದೊಡ್ಡ ಗಾಡಿ ತರ್ತಾಳೆ. ಇದು ಒಳಗಿದ್ರೆ ಅದನ್ನ ನನ್ನ ತಲೆ ಮೇಲೆ ನಿಲ್ಲಿಸ್ಬೇಕು."

ಹೇಳಿದ ಮೇಲೆ ಅವರು ನಾಲಿಗೆ ಕಚ್ಚಿಕೊಂಡರು. ಶಿಲ್ಪಶ್ರೀ ಗೇರು ಬದಲಿಸಿದಳು.

ಹೊಸಕೆರೆಹಳ್ಳಿಯ ಆ ಬೀದಿಗೆ ಮೇಲಿಂದ ಮೇಲೆ ಡಾಂಬರು ಸುರಿದು ರಸ್ತೆ ಎತ್ತರವಾಗಿತ್ತು, ಬೈರಣ್ಣನವರ ಕಾಂಪೌಂಡು ತಗ್ಗಿಗೆ ಬಿದ್ದಿತ್ತು. ಗೇಟಿನೆದುರು ಬ್ರೇಕು ಸಡಿಲಿಸಿದರೆ ಸಾಕು, ಗಾಡಿ ತಾನಾಗಿ ಒಳಗೆ ಜಾರುತ್ತಿತ್ತು. ಶಿಲ್ಪಶ್ರೀ ಕಾರನ್ನು ಗೇಟಿಗೆ ತಿರುಗಿಸಿ, ಗೇಟಿನ ಹೊಸ್ತಿಲಂತೆ ನೆಲದಲ್ಲಿದ್ದ ಕಬ್ಬಿಣದ ಪಟ್ಟಿಗೆ ಎರಡು ಮಾರು ದೂರದಲ್ಲಿ ನಿಲ್ಲಿಸಿದಳು. ಕಾರಿನ ಹಿಂಭಾಗ ರಸ್ತೆಗೆ ಅಡ್ಡವಾಯಿತು. ಅಂಜನಮ್ಮ ಆರತಿ ತಟ್ಟೆ ಹಿಡಿದು ಗೇಟನ್ನು ಹಾರು ಹೊಡೆದು ನಿಂತಿದ್ದರು.

"ಬಾಮ್ಮ ಒಳಗೆ! ಯಾಕೆ ನಿಂತೆ? ನಾನಂತೂ ಈ ಗಾಡಿ ಕೊಡೋದೇ ಬೇಡ ಅಂದಿದ್ದೆ. ಇದ್ರಲ್ಲಿ ಕೂತ್ರೆ ಬನಶಂಕರಿ ಗುಡಿಗೆ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹೋಗ್ಬಹುದು."

"ಬಂದೆ ಆಂಟಿ," ಎಂದ ಶಿಲ್ಪಶ್ರೀ ಬೈರಣ್ಣನವರ ಕಡೆ ತಿರುಗಿದಳು. "ಆರಕ್ಕೆ ಕೊಡಿ ಅಂಕಲ್."

"ಆರೂ ನಲವತ್ತು. ಅದೇ ಕೊನೇದು."

ಅವಳು ಬ್ರೇಕಿನಿಂದ ಪಾದವನ್ನು ಒಂದಿಷ್ಟು ಎತ್ತಿದಳು. ಕಾರು ಮೆತ್ತಗೆ ಮುಂದೆ ಜಾರಿತು.

"ಏ ಏ, ಮೇಡಂ! ಬ್ರೇಕು!"

"ಆಂಟಿ ಕರೀತಿದ್ದಾರೆ. ಹಿರಿಯರು. ಹೋಗದೇ ಇದ್ರೆ ಚೆನ್ನಾಗಿರಲ್ಲ."

"ಆರೂ ಮೂವತ್ತು!"

ಹಿಂದೆ ಆಟೊವೊಂದು ಪೀಂ ಪೀಂ ಎಂದಿತು. ಅದರ ಹಿಂದೆ ನೀರಿನ ಟ್ಯಾಂಕರು ಬಂದು ಘೀಳಿಟ್ಟಿತು. ಬೇರೆ ದಿನವಾಗಿದ್ದರೆ ಶಿಲ್ಪಶ್ರೀ ಹಾರನ್ ಕೇಳಿದ ಕೂಡಲೇ ಕನ್ನಡಿಯಲ್ಲೇ ಕೈಮುಗಿದು ಪಕ್ಕಕ್ಕೆ ಸರಿಯುತ್ತಿದ್ದಳು. ಈಗ ಮುಗಿಯಲು ಕೈಗೆ ಬಿಡುವಿರಲಿಲ್ಲ. ಇನ್ನೊಂದು ಗೇಣು ಜಾರಿಸಿದಳು. ಕಾಲು ತಪ್ಪಿದರೆ ಕಾರು ಬೈರಣ್ಣನವರಿಗೂ ಹೊರೆ, ತನಗೂ ಇಲ್ಲ.

"ಅಕ್ಕಾ, ಒಳಗಾದ್ರೂ ಹೋಗಿ, ಹೊರಗಾದ್ರೂ ಬನ್ನಿ!" ಟ್ಯಾಂಕರಿನವನು ಇಳಿದು ಬಂದ. "ಏನ್ ಸಮಾಚಾರ?"

"ಗಾಡಿ ವ್ಯಾಪಾರ ಗುರು," ಮಹಾಂತೇಶ ಕಿಟಕಿಯಿಂದ ತಲೆ ಹಾಕಿದ. "ಅವರು ಆರೂ ಮೂವತ್ತು, ಇವಳು ಆರು."

"ಕೊಟ್ಬಿಡಿ ಬೈರಣ್ಣೋ! ನೀರು ಸೋರ್ತೈತೆ ಇಲ್ಲಿ!"

"ಆರು ಕಾಲು!" ಬೈರಣ್ಣ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದರು, ಅದರಿಂದ ಗಾಡಿ ನಿಲ್ಲುವುದೋ ಎಂಬಂತೆ.

ಅಂಜನಮ್ಮ ಕರ್ಪೂರ ಹಚ್ಚಿದರು. ಶಿಲ್ಪಶ್ರೀ ಪಾದವನ್ನು ಪೂರ್ತಿ ಎತ್ತಿದಳು. ಕಬ್ಬಿಣದ ಪಟ್ಟಿ ಬಾನೆಟ್ಟಿನಡಿಗೆ ಮರೆಯಾಯಿತು.

"ಆರು! ಆರು! ತಾಯೀ, ಆರೇ!"

ಅವಳು ಬ್ರೇಕನ್ನು ತುಳಿದ ರಭಸಕ್ಕೆ ಮಹಾಂತೇಶನ ಹಣೆ ಮುಂದಿನ ಸೀಟಿಗೆ ಬಡಿಯಿತು. ಫೋನು ತೆಗೆದು ಬೈರಣ್ಣನವರ ಖಾತೆಗೆ ಐವತ್ತು ಸಾವಿರ ಕಳಿಸಿದಳು. ಹೊಸದಾಗಿ ಸೇರಿಸಿದ ಖಾತೆಗೆ ಇಂದು ಇಷ್ಟೇ, ಮಿಕ್ಕಿದ್ದು ನಾಳೆ ಎಂದಿತು ಬ್ಯಾಂಕು.

"ಆಂಟಿ, ಗಾಡಿ ಒಳಗೆ ಬಂದಿಲ್ಲ. ದುಡ್ಡು ಮಾತ್ರ ಬಂತು," ಎಂದಳು ತಗ್ಗಿದ ದನಿಯಲ್ಲಿ.

ಅಂಜನಮ್ಮ ಸೆರಗು ಸಿಕ್ಕಿಸಿ, ಮಂಡಿಯೂರಿ, ಆರತಿಯ ಬೆಳಕಿನಲ್ಲಿ ಎರಡೂ ಚಕ್ರಗಳನ್ನು ಪರೀಕ್ಷಿಸಿದರು. ಆಟೊದವನೂ ಹಾರನ್ ಒತ್ತುವುದನ್ನು ನಿಲ್ಲಿಸಿ ಇಣುಕಿದ.

"ದಾಟಿಲ್ಲ," ಎಂದು ಎದ್ದರು, ಒಲ್ಲದ ಮನಸ್ಸಿನಿಂದ. "ಒಂದು ಬೆರಳು ದಾಟಿದ್ರೂ ನಾನು ಬಿಡ್ತಿರ್ಲಿಲ್ಲ. ನೇಮ ಅಂದ್ಮೇಲೆ ನೇಮ. ಕರ್ಕೊಂಡು ಹೋಗು."

"ಅಯ್ಯೋ, ಪೂರ್ತಿ ದುಡ್ಡು ಬರದೆ ಗಾಡಿ ಹೆಂಗೆ ಬಿಡೋದೇ?" ಬೈರಣ್ಣ ಕೂಗಿದರು. "ರಾತ್ರಿ ರಸ್ತೆಲಿ ನಿಲ್ಸಕ್ಕಾಗತ್ತಾ?"

"ನೀವೂ ಗಾಡಿ ಜೊತೆಗೇ ಹೋಗಿ. ಬೆಳಿಗ್ಗೆ ದುಡ್ಡು ತಗೊಂಡು ಬನ್ನಿ."

"ಶುಕ್ರವಾರ ಸಂಜೆ ನನ್ನನ್ನ ಆಚೆ ಕಳಿಸ್ತೀಯಾ?"

"ಲಕ್ಷ್ಮಿ ಹೋಗ್ಬಾರ್ದು ಅಂದಿದ್ದು. ನೀವು ಹೋಗ್ಬಹುದು."

ಟ್ಯಾಂಕರಿನವನು ತನ್ನ ಗಾಡಿಯನ್ನು ಹಿಂದೆ ತೆಗೆದು ಜಾಗ ಬಿಟ್ಟ. ಬೈರಣ್ಣ ಸೀಟ್ ಬೆಲ್ಟನ್ನು ಮತ್ತೊಮ್ಮೆ ಬಿಗಿದುಕೊಂಡು, "ರಾತ್ರಿಗೆ ಏನು ಅಡುಗೆ ಮೇಡಂ ನಿಮ್ಮನೇಲಿ?" ಎಂದರು.

"ರೊಟ್ಟಿ, ಎಣ್ಣೆಗಾಯಿ."

"ಬರೀ ಸಸ್ಯಾಹಾರನಾ? ಹಂಗಾದ್ರೆ ಆರೂ ಹತ್ತು ಮಾಡಿ."

ಶಿಲ್ಪಶ್ರೀ ರಿವರ್ಸ್ ಗೇರಿನ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದಳು.

"ಗೇಟು ಇನ್ನೂ ತೆಗೆದೇ ಇದೆ ಅಂಕಲ್."

"ಎಣ್ಣೆಗಾಯಿ ನಂಗೆ ಬಲೇ ಇಷ್ಟ," ಎಂದರು ಬೈರಣ್ಣ. "ನಡೀರಿ, ನಡೀರಿ."