ಸಿಪ್ಪೆ ಏಳದ ಕುಡ

ಜಹೀರಾಬಾದಿನ ಮನ್ಮಥಪ್ಪನ ವರ್ಕ್‌ಶಾಪಿನಲ್ಲಿ ಧಮ್ಮಶೀಲಾ ಎರಡು ವರ್ಷದಿಂದ ಕಸ ಗುಡಿಸುತ್ತಿದ್ದಳು. ಐಟಿಐನಲ್ಲಿ ವೆಲ್ಡಿಂಗ್ ಪಾಸಾದವಳ ಕೈಗೆ ಪೊರಕೆ ಕೊಟ್ಟ ಪುಣ್ಯಾತ್ಮ ಅವನು. ಬೆಂಕಿ ಕೆಲಸ ಹೆಣ್ಣುಮಕ್ಕಳಿಗಲ್ಲ ಎಂಬುದು ಅವನ ಶಾಸ್ತ್ರ. ಅದನ್ನು ಕೇಳಿ ಕೇಳಿ ಅವಳಿಗೆ ಮೈ ಉರಿಯುತ್ತಿತ್ತು.

ಅಂದು ನಾಗಲಗಿದ್ದದಿಂದ ಬಂದ ರೈತ ಧರ್ಮಣ್ಣ, ಟ್ರ್ಯಾಕ್ಟರ್ ನೇಗಿಲಿನ ನೆಲ ಸೀಳುವ ಕುಡವನ್ನು ಮೇಜಿನ ಮೇಲೆ ಕುಕ್ಕಿದ. ಸವೆಯದಿರಲೆಂದು ಉಕ್ಕಿನ ತುದಿಗೆ ಗಡಸು ಪುಡಿ ಕರಗಿಸಿ ಹಾಕಿಸಿದ್ದ ಲೇಪ ಸಿಪ್ಪೆಯಂತೆ ಎದ್ದುಹೋಗಿತ್ತು.

"ಮೂರನೇ ಸಲರಿ ಇದು. ನಮ್ಮ ಹೊಲದಾಗಿನ ಕಲ್ಲಿಗಿ ತಡಿಯಂಗಿಲ್ಲ."

"ಹಂಗಾರ ಕಲ್ಲು ಆರಿಸ್ಕೊ ಹೋಗು," ಎಂದ ಮನ್ಮಥಪ್ಪ.

"ಕಲ್ಲಿಂದು ತಪ್ಪಲ್ರಿ." ಧಮ್ಮಶೀಲಾ ಪೊರಕೆಯನ್ನು ಗೋಡೆಗೆ ಆನಿಸಿದಳು. "ಕಾದಾಗ ಉಕ್ಕು ಬಾಳ ಹಿಗ್ಗತದ, ಗಡಸು ಪುಡಿ ಕಮ್ಮಿ. ಎರಡೂ ಒಮ್ಮೆಲೇ ಕೂಡಿಸಿದ್ರ ಕೂಡಿದಲ್ಲೇ ಬಿಡತದ. ನಡುವ ಮೆಲ್ಲಕ ಬದಲಾಗಬೇಕು."

ತನ್ನ ಚೀಲದಿಂದ ಒಂದು ಕುಡ ತೆಗೆದಳು. ವೆಲ್ಡರ್ ಗಂಗಾರಾಮ ಊಟ ಮಾಡಿ ಗೊರಕೆ ಹೊಡೆಯುವ ಹೊತ್ತಿನಲ್ಲಿ, ಪುಡಿಯನ್ನು ಕರಗಿಸಿ ಉಗುಳುವ ಗನ್ ಹಿಡಿದು ಅವಳು ಮಾಡಿದ್ದು. ಡಬ್ಬಿಗಳ ತಳದಲ್ಲಿ ಉಳಿದ ಪುಡಿಯಿಂದ ಐದು ಪದರ. ಮೊದಲಿನದು ಬರೀ ಮೆತ್ತಗಿನ ನಿಕ್ಕಲ್. ಆಮೇಲೆ ಪದರಕ್ಕಿಷ್ಟು ಗಡಸು ಪುಡಿ ಹೆಚ್ಚುತ್ತಾ ಹೋಗಿ, ಮೇಲಿನದು ಹೆಚ್ಚುಕಡಿಮೆ ಬರೀ ಗಡಸು ಪುಡಿ.

"ರಾಕೆಟ್ಟಿಗೂ ಹಿಂಗೇ ಮಾಡತಾರಂತ ನಮ್ಮ ಐಟಿಐ ಸರ್ ಹೇಳಿದ್ರು."

"ಇದು ರಾಕೆಟ್ ಅಲ್ಲ," ಎಂದ ಮನ್ಮಥಪ್ಪ. "ಕಾಯಿಸಿ ನೀರಾಗ ಅದ್ದಿ ನೋಡೂಣು. ಲೇಪ ಎದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

"ಏಳಲಿಲ್ಲಂದ್ರ ಗನ್ ನನಗ ಕೊಡಬೇಕು."

ಅವನ ಅಂಗಡಿಯದೊಂದು ಕುಡ, ಅವಳದೊಂದು. ಎರಡನ್ನೂ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ಅವನದರ ಲೇಪ ಚಟ್ಟನೆ ಹಾರಿ ಬಕೆಟ್ಟಿನ ತಳ ಸೇರಿತು. ಅವಳದು ಅಲುಗಲಿಲ್ಲ. ಮನ್ಮಥಪ್ಪ ಮತ್ತೆರಡು ಸಲ ಕಾಯಿಸಿ ಅದ್ದಿದ, ಸುತ್ತಿಗೆ ತಂದು ತಾನೇ ಬಡಿದ. ಬೆವರಿದ್ದೇ ಬಂತು.

"ಆತು. ಪುಡಿ ಅಳತಿ ಗಂಗಾರಾಮಗ ಹೇಳಿ, ನೀ ಅಂಗಳ ಗುಡಿಸು."

ಧಮ್ಮಶೀಲಾಳಿಗೆ ಅಳು ಬರಬೇಕಿತ್ತು, ನಗು ಬಂತು. ಪೊರಕೆ ತಂದು ಅವನ ಕೈಗೇ ಕೊಟ್ಟಳು.

"ಅಳತಿ ನನ್ನ ಕೈಯಾಗ ಅದ. ಕೈ ಬೇಕಂದ್ರ ಗನ್ ಕೊಡ್ರಿ. ತಾಂಡೂರಿನ ಕಲ್ಲು ಕೊಯ್ಯೋರ ಹತಾರಕ್ಕೂ ಇದೇ ಸಿಪ್ಪಿ ಏಳೋ ತ್ರಾಸ ಅದ, ಅಲ್ಲಿಗಿ ಹೋಗತೀನಿ."

ಕುಡ ಎತ್ತಿಕೊಂಡು ಬಾಗಿಲಿನತ್ತ ನಡೆದಳು. ಧರ್ಮಣ್ಣನೂ ಎದ್ದು ರುಮಾಲು ಕೊಡವಿದ.

"ಆಕಿ ಎಲ್ಲಿ ಮಾಡತಾಳೋ ನಾ ಅಲ್ಲಿಗೇ ಬರಾವ. ನಮ್ಮೂರಾಗ ಇನ್ನಾ ಹತ್ತು ಟ್ರ್ಯಾಕ್ಟರ್ ಅವರಿ."

ಮನ್ಮಥಪ್ಪ ಕೈಯಲ್ಲಿದ್ದ ಪೊರಕೆ ನೋಡಿದ, ಬಾಗಿಲು ನೋಡಿದ. "ಗನ್ ಗೂಟದಾಗ ಅದ," ಎಂದ, ಗೋಡೆಗೆ ಹೇಳಿದಂತೆ.

ಧಮ್ಮಶೀಲಾ ತಿರುಗಿ ಬಂದು ಕಪ್ಪು ಕನ್ನಡಕ ಏರಿಸಿದಳು.

"ಸರದು ನಿಲ್ರಿ, ಕಿಡಿ ಹಾರತಾವ."